ಮೆಡಿಕಲ್ ಗಾಂಜಾ: ಕಾರ್ಡ್ ಮಾಡಿಸೋದಾ, ಅಂಗಡೀಲಿ ಕೊಳ್ಳೋದಾ, ಫಾರ್ಮಸಿಗೆ ಹೋಗೋದಾ?

"ಅತ್ತೆಗೆ ಕೀಮೋ ನಡೀತಿದೆ. ಊಟ ಸೇರ್ತಿಲ್ಲ. ಡಾಕ್ಟರು ಮೆಡಿಕಲ್ ಮರಿವಾನಾ ಟ್ರೈ ಮಾಡಬಹುದು ಅಂದ್ರು. ಕಾರ್ಡ್ ಮಾಡಿಸಿದ್ರೆ ನಮ್ಮ ಗ್ರೀನ್ ಕಾರ್ಡಿಗೆ ಏನಾದ್ರೂ ತೊಂದ್ರೆ ಆಗುತ್ತಾ?"

ಅಮೆರಿಕದಲ್ಲಿರುವ ನಮ್ಮವರು ಇಂಥ ಪ್ರಶ್ನೆಯನ್ನು ಕನ್ನಡ ಸಂಘದ ವಾಟ್ಸ್‌ಆಪ್ ಗುಂಪಿನಲ್ಲಿ ಕೇಳುವುದಿಲ್ಲ. ಗುಟ್ಟಾಗಿ ಒಬ್ಬರಿಗೆ ಮೆಸೇಜ್ ಮಾಡುತ್ತಾರೆ. ನಾಲ್ಕು ಜನಕ್ಕೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಅನ್ನುವ ಭಯ ಒಂದು ಕಡೆ, ಸರ್ಕಾರಕ್ಕೆ ಗೊತ್ತಾದರೆ ಏನಾಗುತ್ತದೋ ಅನ್ನುವ ಭಯ ಇನ್ನೊಂದು ಕಡೆ. ಮೊದಲನೆಯ ಭಯಕ್ಕೆ ನನ್ನ ಹತ್ತಿರ ಮದ್ದಿಲ್ಲ. ಎರಡನೆಯದರ ಬಗ್ಗೆ ಮಾತಾಡಬಹುದು.

ಔಷಧ ಕೆಲಸ ಮಾಡುತ್ತಾ ಇಲ್ಲವಾ ಅನ್ನುವುದನ್ನು ಡಾಕ್ಟರಿಗೇ ಬಿಡೋಣ. ಯಾವ ದಾರಿ ಹಿಡಿದರೆ ನಿಮ್ಮ ಹೆಸರು ಎಲ್ಲೆಲ್ಲಿ ದಾಖಲಾಗುತ್ತದೆ, ಆ ದಾಖಲೆ ಯಾರ ಕೈಗೆ ಹೋಗಬಹುದು, ಬದಲಿಗೆ ನಿಮಗೆ ಸಿಗುವುದೇನು, ಇಷ್ಟನ್ನು ಇಲ್ಲಿ ಹೋಲಿಸಿ ನೋಡೋಣ.

ದಾರಿಗಳು ಮೂರಿವೆ. ಒಂದು, ರಾಜ್ಯ ಸರ್ಕಾರದ ಮೆಡಿಕಲ್ ಕಾರ್ಡ್, ಅಂದರೆ ಇವರು ಗಾಂಜಾ ಕೊಳ್ಳಬಹುದಾದ ರೋಗಿ ಅನ್ನುವ ಗುರುತಿನ ಚೀಟಿ. ಎರಡು, 21 ತುಂಬಿದ ಯಾರು ಬೇಕಾದರೂ ಕೊಳ್ಳಬಹುದಾದ ರಾಜ್ಯದಲ್ಲಿದ್ದರೆ ಅಂಗಡಿಗೆ ಹೋಗಿ ಐಡಿ ತೋರಿಸಿ ತರುವುದು. ಮೂರನೆಯದನ್ನು ಬಹಳ ಜನ ಮರೆತೇಬಿಡುತ್ತಾರೆ: ಅಮೆರಿಕದ ಔಷಧ ಇಲಾಖೆ ಎಫ್‌ಡಿಎ ಒಪ್ಪಿಗೆ ಇರುವ ಔಷಧವನ್ನು ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಮಾಮೂಲಿ ಫಾರ್ಮಸಿಯಲ್ಲಿ ತೆಗೆದುಕೊಳ್ಳುವುದು.

ಎರಡು ಸರ್ಕಾರ, ಎರಡು ಕಾನೂನು

ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದಲೇ. 1970ರ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾಯಿದೆಯಲ್ಲಿ ಗಾಂಜಾವನ್ನು ಹೆರಾಯಿನ್ ಜೊತೆ ನಿಯಂತ್ರಿತ ವಸ್ತುಗಳ ಅತಿ ಕಟ್ಟುನಿಟ್ಟಾದ ಮೊದಲನೇ ಪಟ್ಟಿಗೆ ಹಾಕಿದರು. ಕ್ಯಾಲಿಫೋರ್ನಿಯಾ ಜನ 1996ರಲ್ಲಿ ಓಟು ಹಾಕಿ ರೋಗಿಗಳಿಗೆ ಅದನ್ನು ಬಿಟ್ಟುಕೊಟ್ಟರು. ಆಮೇಲೆ ಒಂದೊಂದೇ ರಾಜ್ಯ ಹಿಂಬಾಲಿಸಿತು. ಆದರೆ ರಾಜ್ಯ ಒಪ್ಪಿದ ಮಾತ್ರಕ್ಕೆ ಫೆಡರಲ್ ಕಾನೂನು ಎಲ್ಲೂ ಹೋಗಲಿಲ್ಲ. ಕ್ಯಾಲಿಫೋರ್ನಿಯಾದ ರೋಗಿಗಳಿಗೆ ಸಂಬಂಧಿಸಿದ ರೈಚ್ ಕೇಸಿನಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2024ರ ಮೇ ತಿಂಗಳಲ್ಲಿ ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ ಬಂತು. ಮೂರನೇ ಪಟ್ಟಿ ಅಂದರೂ ಅದು ನಿಯಂತ್ರಿತ ವಸ್ತುವೇ, ಆ ಸುದ್ದಿ ನೋಡಿ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ.

ಕಾರ್ಡ್ ಪರವಾಗಿ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಬಜೆಟ್ಟಿಗೆ ಒಂದು ಷರತ್ತು ಸೇರಿಸಿತು: ರಾಜ್ಯಗಳ ಮೆಡಿಕಲ್ ಗಾಂಜಾ ಕಾರ್ಯಕ್ರಮಗಳಿಗೆ ಅಡ್ಡಬರಲು ಫೆಡರಲ್ ನ್ಯಾಯ ಇಲಾಖೆ ದುಡ್ಡು ಖರ್ಚು ಮಾಡುವಂತಿಲ್ಲ. ಈ ರಕ್ಷಣೆ ಇರುವುದು ಮೆಡಿಕಲ್‌ಗೆ ಮಾತ್ರ. ಸುಮ್ನೆ ಅಂಗಡೀಲಿ ಕೊಂಡವರಿಗೆ ಇಲ್ಲ. ಹಾಗಂತ ಒಂದಿಷ್ಟು ಕೊಂಡುಕೊಂಡ ಗಿರಾಕಿಯ ಮನೆ ಬಾಗಿಲಿಗೆ ಫೆಡರಲ್ ಏಜೆಂಟರು ಬರುತ್ತಾರೆ ಅಂತೇನೂ ಅಲ್ಲ.

ಇನ್ನು ಗೋಪ್ಯತೆ. ಹೆಚ್ಚಿನ ರಾಜ್ಯಗಳ ಕಾನೂನಿನಲ್ಲಿ "ರೋಗಿಗಳ ಪಟ್ಟಿ ಗುಟ್ಟಾಗಿರಬೇಕು" ಅಂತ ಬರೆದಿದೆ. ಕೊಲರಾಡೊ 2000ದಲ್ಲಿ ಅದನ್ನು ತನ್ನ ಸಂವಿಧಾನದೊಳಗೇ ಸೇರಿಸಿತು. ಮಿಷಿಗನ್‌ನ 2008ರ ಕಾನೂನಿನ ಪ್ರಕಾರ ಪಟ್ಟಿಯ ಮಾಹಿತಿ ಬಿಟ್ಟುಕೊಟ್ಟವರಿಗೆ ಶಿಕ್ಷೆ ಇದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅದೇ ಮಿಷಿಗನ್‌ಗೆ ಫೆಡರಲ್ ಮಾದಕವಸ್ತು ಇಲಾಖೆ ಡಿಇಎ 2010ರಲ್ಲಿ ಒಂದು ನೋಟಿಸ್ ಕಳಿಸಿತು: ಲಾನ್ಸಿಂಗ್ ಕಡೆಯ ಏಳು ಜನರ ದಾಖಲೆ ಕೊಡಿ ಅಂತ. ರಾಜ್ಯ ಹಿಂದೆಮುಂದೆ ನೋಡಿತು. ವಿಷಯ ಫೆಡರಲ್ ಕೋರ್ಟಿಗೆ ಹೋಯಿತು, 2011ರ ಜೂನ್‌ನಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ದಾಖಲೆ ಕೊಡಲೇಬೇಕು ಅಂದರು. ರಾಜ್ಯ ನಿಮಗೆ ಕೊಟ್ಟ ಮಾತು ರಾಜ್ಯದ ನೌಕರರನ್ನು ಕಟ್ಟಿಹಾಕುತ್ತದೆ, ಫೆಡರಲ್ ಸರ್ಕಾರವನ್ನಲ್ಲ. ಮುಂದೆ ಓದುವಾಗ ಇದನ್ನು ಮರೆಯಬೇಡಿ.

ಇನ್ನೊಂದು ತಪ್ಪು ನಂಬಿಕೆ ರೋಗಿಗಳ ಮಾಹಿತಿಯ ಗುಟ್ಟು ಕಾಪಾಡುವ ಫೆಡರಲ್ ಕಾನೂನು ಹಿಪಾ ಬಗ್ಗೆ. "ಮೆಡಿಕಲ್ ಅಂದಮೇಲೆ ಹಿಪಾ ಇದ್ದೇ ಇರುತ್ತದಲ್ಲ" ಅನ್ನುತ್ತಾರೆ. ಆ ಕಾನೂನು ಇರುವುದು ಆಸ್ಪತ್ರೆ, ಇನ್ಶೂರೆನ್ಸ್, ಫಾರ್ಮಸಿ, ಇನ್ಶೂರೆನ್ಸಿಗೆ ಬಿಲ್ ಕಳಿಸುವ ಕ್ಲಿನಿಕ್ ಇಂಥವಕ್ಕೆ. ಗಾಂಜಾ ಡಿಸ್ಪೆನ್ಸರಿ, ಅಂದರೆ ಗಾಂಜಾ ಮಾರುವ ಅಂಗಡಿ, ಇನ್ಶೂರೆನ್ಸ್ ಕಡೆ ತಲೆಯೇ ಹಾಕುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಹಿಪಾ ಅದನ್ನು ಮುಟ್ಟುವುದಿಲ್ಲ. ಆನ್‌ಲೈನಿನಲ್ಲಿ ಹತ್ತು ನಿಮಿಷ ಮಾತಾಡಿಸಿ ಸರ್ಟಿಫಿಕೇಟ್ ಕೊಡುವ, ಕೈಯಿಂದಲೇ ದುಡ್ಡು ಕಟ್ಟಿಸಿಕೊಳ್ಳುವ ಕೆಲವು ಕಂಪನಿಗಳೂ ಹಿಪಾದ ಹೊರಗೇ ಉಳಿಯಬಹುದು.

ಹಾಗಾದರೆ ನಿಯಂತ್ರಣವೇ ಬೇಡವಾ?

ಬೇಕು. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರ ಶ್ವಾಸಕೋಶ ಕೆಟ್ಟು ಒಬ್ಬರಾದ ಮೇಲೊಬ್ಬರು ಆಸ್ಪತ್ರೆ ಸೇರಿದ್ದು ನೆನಪಿರಬಹುದು. 2020ರ ಫೆಬ್ರವರಿ ಹೊತ್ತಿಗೆ 2,807 ಕೇಸು, 68 ಸಾವು. ಮುಖ್ಯ ಕಾರಣ ಅಂತ ಬೆರಳು ತೋರಿಸಿದ್ದು ವಿಟಮಿನ್ ಇ ಅಸಿಟೇಟ್ ಕಡೆಗೆ. ಹೆಚ್ಚಾಗಿ ಸಿಕ್ಕಿದ್ದು ಅಕ್ರಮವಾಗಿ ಮಾರಿದ ಟಿಎಚ್‌ಸಿ (ಗಾಂಜಾದಲ್ಲಿ ಮತ್ತು ಬರಿಸುವ ಅಂಶ) ಕಾರ್ಟ್ರಿಜ್‌ಗಳಲ್ಲಿ. ಲ್ಯಾಬ್ ಪರೀಕ್ಷೆ, ಲೇಬಲ್, ಎಷ್ಟು ಮಿಲಿಗ್ರಾಂ ಅಂತ ನಿಖರವಾಗಿ ಬರೆಯುವುದು, ಇದೆಲ್ಲ ಸರ್ಕಾರ ಮಾಡಿಸದೆ ತಾನಾಗಿ ಆಗುವುದಿಲ್ಲ. ಕೀಮೋದಲ್ಲಿ ಇರುವವರ ರೋಗನಿರೋಧಕ ಶಕ್ತಿ ಮೊದಲೇ ಕುಗ್ಗಿರುತ್ತದೆ, ಬೂಸ್ಟು ಹಿಡಿದ ಮಾಲು ಅವರಿಗೆ ನಿಜಕ್ಕೂ ಅಪಾಯ.

ಆದರೆ ಇದೆಲ್ಲ ಮಾಲಿನ ಮೇಲಿನ ನಿಯಂತ್ರಣ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇದ್ದವರು ಬೆಳೆಸುವ ಗಿಡಕ್ಕೆ ಟ್ಯಾಗ್ ಹಾಕಿ, ನೆಟ್ಟಲ್ಲಿಂದ ಮಾರುವ ತನಕ ಕಂಪ್ಯೂಟರಿನಲ್ಲಿ ಹಿಂಬಾಲಿಸುತ್ತಾರೆ. ಅದಕ್ಕೆ ರೋಗಿಯ ಹೆಸರು ಬೇಕಾಗಿಲ್ಲ. ಗಿಡಕ್ಕೆ ನಂಬರ್ ಕೊಡಿ, ಅದು ಸರಿ. ರೋಗಿಯ ಹೆಸರು, ಕಾಯಿಲೆ, ವಿಳಾಸ, ಬೆರಳಚ್ಚು ಎಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿಡುವುದರಿಂದ ಯಾರ ಆರೋಗ್ಯ ಸುಧಾರಿಸಿತು? ಒಂದು ರಾಜ್ಯದ ಕಾರ್ಯಕ್ರಮ ಒಳ್ಳೆಯದಾ ಕೆಟ್ಟದ್ದಾ ಅಂತ ನೋಡುವಾಗ ನನ್ನ ಅಳತೆಗೋಲು ಇದೇ: ಮಾಲಿನ ಬಗ್ಗೆ ಎಷ್ಟು ಬರೆದಿಡುತ್ತದೆ, ಮನುಷ್ಯನ ಬಗ್ಗೆ ಎಷ್ಟು ಬರೆದಿಡುತ್ತದೆ.

ಕಾರ್ಡ್: ಒಂದೊಂದು ರಾಜ್ಯದ್ದು ಒಂದೊಂದು ಥರ

ಈ ಅಳತೆಯಲ್ಲಿ ಕ್ಯಾಲಿಫೋರ್ನಿಯಾದ ಕಾರ್ಡ್ ನನಗೆ ಇಷ್ಟ. ಅಲ್ಲಿ ಕಾರ್ಡ್ ಕಡ್ಡಾಯವೇ ಅಲ್ಲ. ಡಾಕ್ಟರ ಶಿಫಾರಸು ಪತ್ರ ಇದ್ದರೆ 18 ತುಂಬಿದ ರೋಗಿಗೂ ಮೆಡಿಕಲ್ ಅಂಗಡಿಯಲ್ಲಿ ಕೊಡುತ್ತಾರೆ. ಕಾರ್ಡ್ ಬೇಕು ಅಂದರೆ ನಿಮ್ಮ ಕೌಂಟಿಯ ಆರೋಗ್ಯ ಇಲಾಖೆಗೆ ಹೋಗಬೇಕು. ಆ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ: ಫೋಟೊ ಇದೆ, ಒಂದು ನಂಬರ್ ಇದೆ, ಅವಧಿ ಮುಗಿಯುವ ದಿನ ಇದೆ, ಕೌಂಟಿ ಇಲಾಖೆಯ ಫೋನ್ ನಂಬರ್ ಇದೆ. ಕಾರ್ಡ್ ಮೇಲೆ ಏನೇನಿರಬೇಕು ಅಂತ ಕಾನೂನು ಕೊಟ್ಟ ಪಟ್ಟಿಯಲ್ಲಿ ಹೆಸರೇ ಇಲ್ಲ. ಪೊಲೀಸರು ಪರಿಶೀಲಿಸಬೇಕು ಅಂದರೆ ರಾಜ್ಯದ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕುತ್ತಾರೆ, ಚಾಲ್ತಿಯಲ್ಲಿದೆಯಾ ಇಲ್ಲವಾ ಅನ್ನುವುದಷ್ಟೇ ಬರುತ್ತದೆ. ರಾಜ್ಯದ ಹತ್ತಿರ ಇರುವುದು ನಂಬರುಗಳು. ಹೆಸರು, ವಿಳಾಸದ ಕಾಗದ ಕೌಂಟಿಯಲ್ಲೇ ಉಳಿಯುತ್ತದೆ. ಸರ್ಕಾರ ಮನಸ್ಸು ಮಾಡಿದರೆ ಪರಿಶೀಲನೆಯೂ ನಡೆಯುತ್ತದೆ, ಗುಟ್ಟೂ ಉಳಿಯುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ.

ಲಾಭ? ಸೇಲ್ಸ್ ಟ್ಯಾಕ್ಸ್ ಇಲ್ಲ. ಕಾರ್ಡಿನ ಫೀಸು ಹೆಚ್ಚೆಂದರೆ 100 ಡಾಲರ್, ಕಡಿಮೆ ಆದಾಯದವರ ಸರ್ಕಾರಿ ಇನ್ಶೂರೆನ್ಸ್ ಮೆಡಿ-ಕ್ಯಾಲ್ ಇದ್ದವರಿಗೆ ಅರ್ಧ. ಬೇ ಏರಿಯಾದಲ್ಲಿ ಸೇಲ್ಸ್ ಟ್ಯಾಕ್ಸ್ ಶೇ 9, 10ರ ಹತ್ತಿರ ಅಂತ ಹಿಡಿದರೆ ವರ್ಷಕ್ಕೆ ಸುಮಾರು 1,000 ಡಾಲರ್ ಖರ್ಚು ಮಾಡುವವರಿಗೆ ಮಾತ್ರ ಕಾರ್ಡಿನ ದುಡ್ಡು ವಾಪಸ್ ಬರುತ್ತದೆ. ಡಾಕ್ಟರ ಫೀಸು ಬೇರೆ. ತಿಂಗಳಿಗೊಂದು ಸಿಬಿಡಿ-ಟಿಎಚ್‌ಸಿ (ಸಿಬಿಡಿ ಅಂದರೆ ಗಾಂಜಾದ ಮತ್ತು ಬರಿಸದ ಅಂಶ) ಎಣ್ಣೆ ಬಾಟಲಿ ತರುವವರಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ.

ವಾಷಿಂಗ್ಟನ್ ರಾಜ್ಯದಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಗಾಂಜಾ ಮೇಲೆ ಶೇ 37 ಎಕ್ಸೈಸ್ ಟ್ಯಾಕ್ಸ್, ಅದರ ಮೇಲೆ ಸೇಲ್ಸ್ ಟ್ಯಾಕ್ಸ್. ರಾಜ್ಯದ ರೋಗಿಗಳ ಡೇಟಾಬೇಸಿಗೆ ಸೇರುವುದು ನಿಮ್ಮ ಇಷ್ಟ, ಯಾರೂ ಬಲವಂತ ಮಾಡುವುದಿಲ್ಲ. ಸೇರಿದರೆ ಸೇಲ್ಸ್ ಟ್ಯಾಕ್ಸ್ ಇಲ್ಲ, 2024ರ ಜೂನ್‌ನಿಂದ ಆರೋಗ್ಯ ಇಲಾಖೆಯ ಗುರುತು ಪಡೆದ ಮಾಲಿಗೆ ಆ ಶೇ 37 ಕೂಡ ಇಲ್ಲ. 50 ಡಾಲರ್ ಮಾಲಿಗೆ 18 ಡಾಲರ್ ಮೇಲೆ ಉಳಿತಾಯ. ಜೊತೆಗೆ, ಡೇಟಾಬೇಸಿನಲ್ಲಿ ಇದ್ದವರಿಗೆ ಬಂಧನದಿಂದ ರಕ್ಷಣೆ ಇದೆ. ಡಾಕ್ಟರ ಪತ್ರ ಮಾತ್ರ ಇದ್ದವರು ಕೋರ್ಟಿನಲ್ಲಿ ನಿಂತು ವಾದ ಮಾಡಬೇಕು. ಮೆಡಿಕಲ್ ಪರವಾನಗಿ ಇರುವ ಅಂಗಡಿಯಲ್ಲೇ ತರಬೇತಿ ಪಡೆದ ಸಿಬ್ಬಂದಿ ಫೋಟೊ ತೆಗೆದು ನಿಮ್ಮ ವಿವರ ಹಾಕಿ ಕಾರ್ಡ್ ಕೊಡುತ್ತಾರೆ. ಒಪ್ಪಿಕೊಂಡರೆ ದುಡ್ಡು ಉಳಿಯುತ್ತದೆ, ಒಪ್ಪದಿದ್ದರೆ ಹೆಸರು ಉಳಿಯುತ್ತದೆ. ರೆಡ್‌ಮಂಡ್, ಬೆಲ್‌ವ್ಯೂ ಕಡೆ ಇರುವ ಸಿಟಿಜನ್ ಆದ ನಮ್ಮವರಿಗೆ, ಮನೆಯಲ್ಲಿ ದೀರ್ಘ ಕಾಯಿಲೆ ಇದ್ದರೆ, ನಾನು ಕಾರ್ಡೇ ಮಾಡಿಸಿ ಅನ್ನುತ್ತೇನೆ.

ಟೆಕ್ಸಸ್‌ನಲ್ಲಿ ಆಯ್ಕೆಯೇ ಇಲ್ಲ. 2015ರ ಕಾನೂನಿನ ಕೆಳಗೆ ನಡೆಯುವ ಅಲ್ಲಿನ ಕಾರ್ಯಕ್ರಮದಲ್ಲಿ ಕಾರ್ಡ್ ಅನ್ನುವುದೇ ಇಲ್ಲ. ಡಾಕ್ಟರೇ ನೇರವಾಗಿ ನಿಮ್ಮ ಹೆಸರನ್ನು ಆನ್‌ಲೈನ್ ರಿಜಿಸ್ಟ್ರಿಗೆ ಹಾಕುತ್ತಾರೆ. ಆ ರಿಜಿಸ್ಟ್ರಿ ನಡೆಸುವುದು ಯಾರು? ಆರೋಗ್ಯ ಇಲಾಖೆಯಲ್ಲ, ಸಾರ್ವಜನಿಕ ಸುರಕ್ಷತಾ ಇಲಾಖೆ. ಅಂದರೆ ಹೆದ್ದಾರಿ ಪೊಲೀಸರು ಇರುವ ಇಲಾಖೆ! ಡಿಸ್ಪೆನ್ಸರಿಯಲ್ಲಿ ಮನೆ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ಐದು ಅಂಕಿ ಕೇಳಿ ಹುಡುಕುತ್ತಾರೆ. ಕೊನೆಯ ನಾಲ್ಕು ಅಂಕಿ ಎಲ್ಲ ಕಡೆ ಕೇಳುತ್ತಾರೆ, ಐದು ಯಾಕೆ ಬೇಕೋ. ಪ್ಲೇನೋ, ಫ್ರಿಸ್ಕೊ, ಆಸ್ಟಿನ್ ಕಡೆಯವರು ಈ ವ್ಯವಸ್ಥೆಗೆ ಕಾಲಿಡುವ ಮುಂಚೆ ಕೆಳಗೆ ಬರುವ ಫಾರ್ಮಸಿ ದಾರಿ ಸಾಧ್ಯವಾ ಅಂತ ಡಾಕ್ಟರನ್ನು ಕೇಳಿ ನೋಡಿ.

ಇಲಿನಾಯ್ 2013ರ ಕಾನೂನಿನಲ್ಲಿ ರೋಗಿಗಳಿಂದ ಬೆರಳಚ್ಚು ಕೇಳುತ್ತಿತ್ತು. ಕ್ಯಾನ್ಸರ್ ಆದವರು ಪೊಲೀಸ್ ತಪಾಸಣೆಗೆ ಬೆರಳೊತ್ತಬೇಕು! 2018ರಲ್ಲಿ ಅದನ್ನು ತೆಗೆದುಹಾಕಿದರು. ಜನ ಗಲಾಟೆ ಮಾಡಿದರೆ ನಿಯಮ ಸಡಿಲ ಆಗುತ್ತದೆ ಅನ್ನುವುದೇನೋ ನಿಜ, ಆದರೆ ಕೊಟ್ಟ ಬೆರಳಚ್ಚು ವಾಪಸ್ ತಗೊಳ್ಳೋಕೆ ಆಗಲ್ಲ.

ಬಂದೂಕು ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆ, ಆದರೂ ಹೇಳಬೇಕು. ಪಟ್ಟಿಯೊಂದು ಕೈಯಲ್ಲಿದ್ದರೆ ಸರ್ಕಾರ ಅದನ್ನು ಬೇರೆ ಕೆಲಸಕ್ಕೂ ಬಳಸುತ್ತದೆ ಅನ್ನುವುದು ಅತಿ ಸ್ಪಷ್ಟವಾಗಿ ಕಂಡಿದ್ದು ಇಲ್ಲೇ. 2017ರ ನವೆಂಬರ್‌ನಲ್ಲಿ ಹೊನೊಲುಲು ಪೊಲೀಸರು ಸುಮಾರು 30 ಮೆಡಿಕಲ್ ರೋಗಿಗಳಿಗೆ ಪತ್ರ ಕಳಿಸಿದರು: 30 ದಿನದಲ್ಲಿ ಬಂದೂಕು ಒಪ್ಪಿಸಿ. ರೋಗಿಗಳ ಪಟ್ಟಿಯನ್ನೂ ಬಂದೂಕಿನ ಪಟ್ಟಿಯನ್ನೂ ತಾಳೆ ಹಾಕಿದ್ದರು. ಗದ್ದಲ ಎದ್ದ ಮೇಲೆ ಪತ್ರ ಹಿಂದಕ್ಕೆ ಪಡೆದರು. ಪೆನ್ಸಿಲ್ವೇನಿಯಾದಲ್ಲೂ ಪಟ್ಟಿ ಪೊಲೀಸರಿಗೆ ಸಿಗುವಂತೆ ಇತ್ತು, 2018ರ ಆರಂಭದಲ್ಲಿ ಆರೋಗ್ಯ ಇಲಾಖೆ ಇನ್ನು ಕೊಡುವುದಿಲ್ಲ ಅಂದಿತು. ನೆವಾಡಾದಲ್ಲಿ ಒಬ್ಬಾಕೆ ಕಾರ್ಡ್ ಇದೆ ಅನ್ನುವ ಒಂದೇ ಕಾರಣಕ್ಕೆ ಬಂದೂಕು ಕೊಳ್ಳಲಾಗದೆ ಕೋರ್ಟಿಗೆ ಹೋದರು. 2016ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಸರ್ಕಾರದ ಪರವೇ ತೀರ್ಪು ಕೊಟ್ಟಿತು.

ಕೆನಡಾದ ಟೊರೊಂಟೊ ಕಡೆ ಇರುವವರು ನಗುವ ಮುಂಚೆ ಇದನ್ನೂ ಕೇಳಿ. 2013ರ ನವೆಂಬರ್‌ನಲ್ಲಿ ಹೆಲ್ತ್ ಕೆನಡಾ ಸುಮಾರು 40,000 ರೋಗಿಗಳಿಗೆ ಅಂಚೆಯಲ್ಲಿ ಪತ್ರ ಕಳಿಸಿತು. ಲಕೋಟೆಯ ಮೇಲೇ ಗಾಂಜಾ ಕಾರ್ಯಕ್ರಮದ ಹೆಸರು, ಅದರ ಜೊತೆಗೆ ರೋಗಿಯ ಹೆಸರು. ಅಪಾರ್ಟ್‌ಮೆಂಟಿನ ಮೇಲ್ ಬಾಕ್ಸ್ ಹತ್ತಿರ ನಿಂತವರಿಗೆಲ್ಲ ಕಾಣುವಂತೆ. ಹ್ಯಾಕರ್ ಬೇಕಾಗಲಿಲ್ಲ, ಕೋರ್ಟ್ ಬೇಕಾಗಲಿಲ್ಲ, ಒಂದು ಲಕೋಟೆ ಸಾಕಾಯಿತು. ಆಮೇಲೆ ರೋಗಿಗಳು ಒಟ್ಟಾಗಿ ಕೇಸು ಹಾಕಿದರು.

ಅಂಗಡಿ ಕೌಂಟರ್: ಪಟ್ಟಿ ಇಲ್ಲ ಅನ್ನೋದು ಅರ್ಧ ಸತ್ಯ

ಕೊಲರಾಡೊದಲ್ಲಿ 2014ರ ಜನವರಿಯಿಂದ, ಇಲಿನಾಯ್‌ನಲ್ಲಿ 2020ರ ಜನವರಿಯಿಂದ, ನ್ಯೂಜೆರ್ಸಿಯಲ್ಲಿ 2022ರ ಏಪ್ರಿಲ್‌ನಿಂದ 21 ತುಂಬಿದವರಿಗೆಲ್ಲ ಮಾರುತ್ತಿದ್ದಾರೆ. ಐಡಿ ತೋರಿಸಿ, ದುಡ್ಡು ಕೊಟ್ಟು, ತಗೊಂಡು ಬನ್ನಿ. ಸರ್ಕಾರದ ಪಟ್ಟಿಯಲ್ಲಿ ಹೆಸರಿಲ್ಲ, ಕಾಯಿಲೆ ಏನು ಅಂತ ಯಾರೂ ಕೇಳಲ್ಲ. ಬ್ಯಾಂಕುಗಳಿಗೆ ಫೆಡರಲ್ ಕಾನೂನಿನ ಭಯ ಇರುವುದರಿಂದ ಕ್ರೆಡಿಟ್ ಕಾರ್ಡ್ ಸಾಮಾನ್ಯವಾಗಿ ನಡೆಯುವುದಿಲ್ಲ, ನಗದೇ ಗತಿ. ಗೋಪ್ಯತೆಯ ದೃಷ್ಟಿಯಿಂದ ಅದೂ ಒಳ್ಳೆಯದೇ ಅಲ್ವಾ.

ಸಮಸ್ಯೆ ಬಾಗಿಲಲ್ಲೇ ಇದೆ. ಐಡಿ ನೋಡುವುದು ಬೇರೆ, ಸ್ಕ್ಯಾನ್ ಮಾಡುವುದು ಬೇರೆ. ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನ್ ಮಾಡಿ ಹೆಸರು, ವಿಳಾಸ, ಫೋಟೊ ಎಲ್ಲ ಉಳಿಸಿಕೊಳ್ಳುತ್ತಾರೆ. ಕೌಂಟರಿಗೆ ಬಂದರೆ "ಫೋನ್ ನಂಬರ್ ಕೊಡಿ, ಪಾಯಿಂಟ್ಸ್ ಸಿಗುತ್ತೆ" ಅನ್ನುತ್ತಾರೆ. ಆ ಪಾಯಿಂಟ್ಸ್ ಆಸೆಗೆ ನೀವೇ ನಿಮ್ಮ ಕೈಯಾರೆ ಪಟ್ಟಿ ತಯಾರು ಮಾಡಿಕೊಟ್ಟಂತೆ. ಆರೆಗಾನ್ 2017ರಲ್ಲಿ ಅಂಗಡಿಗಳು ಗಿರಾಕಿಯ ಐಡಿ ವಿವರ ಇಟ್ಟುಕೊಳ್ಳಬಾರದು ಅಂತ ಕಾನೂನು ಮಾಡಿತು. ಎಲ್ಲ ರಾಜ್ಯಗಳೂ ಅಷ್ಟು ಕಟ್ಟುನಿಟ್ಟಲ್ಲ. ಕ್ಯಾಲಿಫೋರ್ನಿಯಾ 2018ರಲ್ಲಿ ಗಿರಾಕಿಯ ಮಾಹಿತಿಯನ್ನು ಬೇರೆಯವರಿಗೆ ಕೊಡಬಾರದು ಅಂತ ಮಾಡಿತು, ಆದರೆ ಕದ್ದವರು ಕಾನೂನು ಓದಿ ಕದಿಯುವುದಿಲ್ಲವಲ್ಲ. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ಅಲ್ಲಿನ ಒಂದು ದೊಡ್ಡ ಗಾಂಜಾ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಮೂಲಕ ಕಳ್ಳರು ನುಗ್ಗಿ ಸುಮಾರು 3,80,000 ಗಿರಾಕಿಗಳ ವಿವರ ಹೊತ್ತೊಯ್ದರು. ಅದರಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರ್, ಫೋಟೊ, ಸಹಿ, ಮೆಡಿಕಲ್ ಕಾರ್ಡ್, ಏನೇನು ಕೊಂಡರು ಅನ್ನುವ ಇತಿಹಾಸ ಇತ್ತು. ಪಾಸ್‌ಪೋರ್ಟ್ ನಂಬರ್ ಕೂಡ! ಊರಿನಿಂದ ಬಂದ ಅಪ್ಪ ಅಮ್ಮ ಐಡಿ ಅಂತ ತೋರಿಸುವುದು ಏನನ್ನು? ಪಾಸ್‌ಪೋರ್ಟನ್ನೇ.

ಕಾರ್ಡ್ ಮಾಡಿಸಿಕೊಡುವ ಖಾಸಗಿ ಕಂಪನಿಗಳ ಕಥೆಯೂ ಇದಕ್ಕಿಂತ ಚೆನ್ನಾಗೇನೂ ಇಲ್ಲ. 2025ರ ಜುಲೈನಲ್ಲಿ ಓಹಾಯೋದ ಅಂಥ ಒಂದು ಕಂಪನಿಯ ಡೇಟಾಬೇಸ್ ಪಾಸ್‌ವರ್ಡೇ ಇಲ್ಲದೆ ಇಂಟರ್‌ನೆಟ್ಟಿನಲ್ಲಿ ತೆರೆದು ಬಿದ್ದಿರುವುದನ್ನು ಒಬ್ಬ ಭದ್ರತಾ ಸಂಶೋಧಕರು ಕಂಡುಹಿಡಿದರು. 9,57,434 ದಾಖಲೆ. ಸೋಶಿಯಲ್ ಸೆಕ್ಯುರಿಟಿ ನಂಬರ್, ಐಡಿಯ ಚಿತ್ರ, ಯಾವ ಕಾಯಿಲೆಗೆ ಕಾರ್ಡ್ ಅನ್ನುವ ಫಾರಂಗಳು. ಸರ್ಕಾರದ ರಿಜಿಸ್ಟ್ರಿ ಬಗ್ಗೆ ಹೆದರಿ ನಿದ್ದೆಗೆಟ್ಟವರು ಎಷ್ಟೋ ಜನ, ಆದರೆ ಇಲ್ಲಿಯವರೆಗೆ ಜಾಸ್ತಿ ಸೋರಿದ್ದು ಖಾಸಗಿಯವರ ಕೊಡಗಳೇ.

ಆದ್ದರಿಂದ ಈ ದಾರಿ ಹಿಡಿದವರು ಮೊದಲು ಕೇಳಬೇಕಾದ್ದು: "ಸ್ಕ್ಯಾನ್ ಮಾಡದೆ ಬರೀ ನೋಡ್ತೀರಾ?" ಇಲ್ಲ ಅಂದರೆ ಇನ್ನೊಂದು ಅಂಗಡಿ ಹುಡುಕಿ. ಫೋನ್ ನಂಬರ್ ಕೊಡಬೇಡಿ, ಆನ್‌ಲೈನ್ ಆರ್ಡರ್ ಬೇಡ, ನಗದು ಕೊಡಿ.

ಫಾರ್ಮಸಿ: ಯಾರೂ ನೋಡದ ಬಾಗಿಲು

ಡ್ರೊನಾಬಿನಾಲ್ ಅಂತ ಒಂದು ಮಾತ್ರೆ ಇದೆ. ಲ್ಯಾಬಿನಲ್ಲಿ ತಯಾರಾದ ಟಿಎಚ್‌ಸಿ ಅದು. 1985ರಿಂದಲೇ ಎಫ್‌ಡಿಎ ಒಪ್ಪಿಗೆ ಇದೆ. ಕೀಮೋದಿಂದ ಬರುವ ವಾಕರಿಕೆಗೆ ಬೇರೆ ಔಷಧ ನಾಟದಿದ್ದಾಗ, ಏಡ್ಸ್ ರೋಗಿಗಳಿಗೆ ಹಸಿವಾಗದೆ ತೂಕ ಇಳಿದಾಗ ಕೊಡುತ್ತಾರೆ. ನಾಬಿಲೋನ್ ಅನ್ನುವುದೂ ಅದೇ ಜಾತಿಯದು. ಮಕ್ಕಳ ಕೆಲವು ಕಠಿಣ ಮೂರ್ಛೆರೋಗಗಳಿಗೆ ಗಾಂಜಾ ಗಿಡದಿಂದಲೇ ತೆಗೆದ ಸಿಬಿಡಿಯ ಎಪಿಡಿಯೊಲೆಕ್ಸ್ ಇದೆ, 2018ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2020ರಲ್ಲಿ ಅದನ್ನು ನಿಯಂತ್ರಿತ ವಸ್ತುಗಳ ಪಟ್ಟಿಯಿಂದಲೇ ತೆಗೆದರು.

ಇಲ್ಲಿ ಹಿಪಾ ಪೂರ್ತಿ ಅನ್ವಯ. ರಾಜ್ಯದ ಗಾಂಜಾ ಪಟ್ಟಿ ಇಲ್ಲ. ಫೆಡರಲ್ ಕಾನೂನು ಮುರಿದ ಮಾತೇ ಇಲ್ಲ. ಇನ್ಶೂರೆನ್ಸ್ ಎಷ್ಟೋ ಸಲ ದುಡ್ಡು ಕೊಡುತ್ತದೆ. ಕೆಲಸದ ಡ್ರಗ್ ಟೆಸ್ಟಿನಲ್ಲಿ ಟಿಎಚ್‌ಸಿ ಬಂದರೂ ಡ್ರೊನಾಬಿನಾಲ್ ಚೀಟಿ ತೋರಿಸಿದರೆ ಒಪ್ಪಿಕೊಳ್ಳಲು ಅವಕಾಶ ಇದೆ. ಟ್ರಕ್ ಓಡಿಸುವವರ ಫೆಡರಲ್ ಟೆಸ್ಟಿನಲ್ಲಿ ರಾಜ್ಯದ ಗಾಂಜಾ ಕಾರ್ಡಿಗೆ ಆ ಬೆಲೆ ಇಲ್ಲ.

ಪೂರ್ತಿ ಗುಟ್ಟು ಅಂತ ಅಲ್ಲ. ಡ್ರೊನಾಬಿನಾಲ್ ನಿಯಂತ್ರಿತ ಔಷಧವಾದ್ದರಿಂದ ನೋವಿನ ಮಾತ್ರೆಗಳ ಹಾಗೆ ಅದೂ ರಾಜ್ಯದ ಪ್ರಿಸ್ಕ್ರಿಪ್ಷನ್ ದಾಖಲೆಗೆ ಹೋಗುತ್ತದೆ, ಬೇರೆ ಡಾಕ್ಟರರು ನೋಡಬಹುದು. ಎಲ್ಲ ಕಾಯಿಲೆಗೂ ಈ ಔಷಧಗಳು ಆಗುವುದಿಲ್ಲ. ಗಿಡದಿಂದ ಸಿಕ್ಕಷ್ಟು ಆರಾಮ ಮಾತ್ರೆಯಿಂದ ಸಿಗಲಿಲ್ಲ ಅನ್ನುವ ರೋಗಿಗಳೂ ಇದ್ದಾರೆ. ಆದರೂ ಡಾಕ್ಟರನ್ನು ಮೊದಲು ಕೇಳಬೇಕಾದ್ದು ಈ ಫಾರ್ಮಸಿ ಔಷಧ ಆಗುತ್ತಾ ಅಂತಲೇ, ಯಾಕೆ ಅಂತ ಮುಂದಿನ ಭಾಗದಲ್ಲಿ ಗೊತ್ತಾಗುತ್ತದೆ.

ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ

ವಲಸೆ ಕಾನೂನು ಪೂರ್ತಿ ಫೆಡರಲ್. ಅಲ್ಲಿ ರಾಜ್ಯದ ಕಾರ್ಡು ಲೆಕ್ಕಕ್ಕೇ ಇಲ್ಲ. ಶಿಕ್ಷೆ ಆಗಿರಬೇಕು ಅಂತಲೂ ಇಲ್ಲ, ನಿಯಂತ್ರಿತ ವಸ್ತುವಿನ ಕಾನೂನು ಮುರಿದೆ ಅಂತ ಅಧಿಕಾರಿಯ ಮುಂದೆ ವಿಧಿಪ್ರಕಾರ ಒಪ್ಪಿಕೊಂಡರೂ ದೇಶದೊಳಗೆ ಬಿಡದಿರಲು ಅದು ಕಾರಣ ಆಗಬಹುದು. 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಯುಎಸ್‌ಸಿಐಎಸ್ ಇನ್ನೂ ಬಿಡಿಸಿ ಹೇಳಿತು: ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ವ್ಯವಹಾರ ಸಿಟಿಜನ್‌ಶಿಪ್ ಅರ್ಜಿಗೆ ಬೇಕಾದ "ಒಳ್ಳೆಯ ನಡತೆ"ಗೆ ಅಡ್ಡಬರಬಹುದು. ಎಚ್-1ಬಿ, ಎಚ್-4, ಎಫ್-1, ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವವರು, ಗ್ರೀನ್ ಕಾರ್ಡ್ ಬಂದು ಸಿಟಿಜನ್‌ಶಿಪ್‌ಗೆ ಕಾಯುತ್ತಿರುವವರು, ಎಲ್ಲರಿಗೂ ಇದು ಸೇರಿತು.

ವಲಸೆ ಅಧಿಕಾರಿಗಳು ಕೌಂಟಿ ಆರೋಗ್ಯ ಇಲಾಖೆಗೆ ಹೋಗಿ ಪಟ್ಟಿ ತೆಗೆಸಬೇಕಾಗಿಲ್ಲ. ಮಾಹಿತಿ ಸಿಗುವುದು ನಿಮ್ಮಿಂದಲೇ. ವಿಮಾನ ನಿಲ್ದಾಣದಲ್ಲಿ ಫೋನ್ ತೆಗೆದು ನೋಡುತ್ತಾರೆ, ಗ್ಯಾಲರಿಯಲ್ಲಿ ಕಾರ್ಡಿನ ಫೋಟೊ ಇರುತ್ತದೆ. ಡಿಸ್ಪೆನ್ಸರಿಯ ಮೆಸೇಜ್ ಇರುತ್ತದೆ. ಗ್ರೀನ್ ಕಾರ್ಡಿನ ಮೆಡಿಕಲ್ ಪರೀಕ್ಷೆಯಲ್ಲಿ ಡಾಕ್ಟರು ಮಾದಕವಸ್ತು ಬಳಕೆ ಬಗ್ಗೆ ಕೇಳುತ್ತಾರೆ. ಅರ್ಜಿಯ ಫಾರಮ್ಮಿನಲ್ಲೇ ಪ್ರಶ್ನೆ ಇದೆ. ಸುಳ್ಳು ಹೇಳಿದರೆ ಅದು ಇನ್ನೂ ದೊಡ್ಡ ತಪ್ಪು, ಅದಕ್ಕೆ ಬೇರೆಯೇ ಶಿಕ್ಷೆ. ಹಾಗಾಗಿ ಆಮೇಲೆ ಹೇಗೆ ಉತ್ತರಿಸುವುದು ಅಂತ ಯೋಚಿಸುವ ಬದಲು, ಆ ಉತ್ತರ ಕೊಡುವ ಸ್ಥಿತಿಯೇ ಬಾರದಂತೆ ನೋಡಿಕೊಳ್ಳಿ.

ನಮ್ಮ ಮನೆಗಳಲ್ಲಿ ಎಡವುವ ಜಾಗ ಇನ್ನೊಂದಿದೆ. ರೋಗಿ ಅತ್ತೆ. ಅವರಿಗೆ ಗ್ರೀನ್ ಕಾರ್ಡ್ ಇದೆ, ಕಾರು ಓಡಿಸಲು ಬರುವುದಿಲ್ಲ. ಡಿಸ್ಪೆನ್ಸರಿಗೆ ಹೋಗಿ ತರುವವರು ಯಾರು? ಎಚ್-1ಬಿಯಲ್ಲಿರುವ ಅಳಿಯ. ಅವನನ್ನು "ಕೇರ್‌ಗಿವರ್" ಅಂತ ನೋಂದಾಯಿಸುತ್ತಾರೆ. ಈಗ ಪಟ್ಟಿಯಲ್ಲಿ ಎರಡು ಹೆಸರು, ಕೈಯಲ್ಲಿ ಮಾಲು ಹಿಡಿದವನು ಕಾಯಿಲೆಯೇ ಇಲ್ಲದ ಅಳಿಯ. ಮನೆಯಲ್ಲಿ ಸಿಟಿಜನ್ ಆದವರು ಯಾರಾದರೂ ಇದ್ದರೆ ಕೇರ್‌ಗಿವರ್ ಅವರೇ ಆಗಲಿ. ಆದರೆ ಅತ್ತೆಯ ಗ್ರೀನ್ ಕಾರ್ಡಿನ ಅಪಾಯ ಅದರಿಂದ ಹೋಗುವುದಿಲ್ಲ, ಅವರೂ ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಹೆಚ್ಚಿನ ರಾಜ್ಯಗಳು ಕಾರ್ಡೇ ಕೊಡುವುದಿಲ್ಲ, ಅಲ್ಲಿನ ನಿವಾಸಿ ಆಗಿರಬೇಕು. ಅಂಗಡಿಯವರು ಪಾಸ್‌ಪೋರ್ಟ್ ನೋಡಿ ಕೊಡುತ್ತಾರೆ, ಅದೇ ಅಪಾಯ.

ಕೆಲಸದ ಮಾತು

ಚಿಕ್ಕದಾಗಿ ಹೇಳುತ್ತೇನೆ. ಕಾರ್ಡ್ ಇದ್ದರೆ ಕೆಲಸ ಉಳಿಯುತ್ತದೆ ಅನ್ನುವುದು ಎಲ್ಲ ಕಡೆ ನಿಜ ಅಲ್ಲ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2008ರಲ್ಲಿ, ಕೊಲರಾಡೊ ಸುಪ್ರೀಂ ಕೋರ್ಟ್ 2015ರಲ್ಲಿ ಮೆಡಿಕಲ್ ರೋಗಿಗಳನ್ನು ಕೆಲಸದಿಂದ ತೆಗೆದದ್ದು ಸರಿ ಅಂದವು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿಯಿಂದ ಕೆಲಸದ ಹೊರಗಿನ ಬಳಕೆಗೆ ಕಾನೂನಿನ ರಕ್ಷಣೆ ಬಂದಿದೆ, ಕಾರ್ಡ್ ಇದ್ದರೂ ಇಲ್ಲದಿದ್ದರೂ. ಫೆಡರಲ್ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾದ ಕೆಲಸ, ಕಟ್ಟಡ ಕೆಲಸ ಇದರಿಂದ ಹೊರಗೆ.

ಯಾರಿಗೆ ಯಾವುದು

ಸಿಟಿಜನ್ ಆಗಿದ್ದು, ದೀರ್ಘ ಕಾಯಿಲೆ, ತಿಂಗಳ ಖರ್ಚು ಜಾಸ್ತಿ, ವಾಷಿಂಗ್ಟನ್ ಅಥವಾ ಕ್ಯಾಲಿಫೋರ್ನಿಯಾದಂಥ ರಾಜ್ಯ: ಕಾರ್ಡ್ ಮಾಡಿಸಿ. ಆನ್‌ಲೈನ್ ಕಾರ್ಡ್ ಕಂಪನಿ ಬಿಟ್ಟು ನಿಮ್ಮ ಮಾಮೂಲಿ ಡಾಕ್ಟರ ಹತ್ತಿರವೇ ಪತ್ರ ಪಡೆಯಿರಿ. 18ರಿಂದ 20ರ ಒಳಗಿನ ಮಕ್ಕಳಿಗೆ ಕಾರ್ಡ್ ಅಥವಾ ಪತ್ರ ಬಿಟ್ಟರೆ ಬೇರೆ ದಾರಿ ಇಲ್ಲ.

ಸಿಟಿಜನ್, ಅಪರೂಪಕ್ಕೆ ನಿದ್ದೆಗೋ ನೋವಿಗೋ ಬೇಕು: ಅಂಗಡಿಯೇ ಸಾಕು. ನಗದು, ಸ್ಕ್ಯಾನ್ ಇಲ್ಲದ ಕಡೆ.

ಟೆಕ್ಸಸ್ ಥರ ಪೊಲೀಸ್ ಇಲಾಖೆ ಪಟ್ಟಿ ಇಡುವ ಕಡೆ ಇದ್ದು, ಪಟ್ಟಿಯ ಬಗ್ಗೆ ಮನಸ್ಸಿಗೆ ಸಮಾಧಾನ ಇಲ್ಲ: ಮೊದಲು ಫಾರ್ಮಸಿ ಔಷಧ ಪ್ರಯತ್ನಿಸಿ. ಮಗುವಿನ ಮೂರ್ಛೆ ನಿಲ್ಲುತ್ತಿಲ್ಲ, ಬೇರೆ ಔಷಧ ಎಲ್ಲ ಮುಗಿದಿದೆ ಅನ್ನುವ ಹಂತದಲ್ಲಿ ಪಟ್ಟಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸೇರಿಬಿಡಿ.

ವೀಸಾ ಅಥವಾ ಗ್ರೀನ್ ಕಾರ್ಡ್: ಫಾರ್ಮಸಿ ಔಷಧ ಮಾತ್ರ. ಅದು ಸಾಲದು ಅಂತ ಡಾಕ್ಟರು ಹೇಳಿದರೆ ಮುಂದಿನ ಹೆಜ್ಜೆ ಇಡುವ ಮೊದಲು ವಲಸೆ ವಕೀಲರನ್ನು ನೋಡಿ. ಸ್ನೇಹಿತರ ಸಲಹೆ ಬೇಡ, ನನ್ನ ಈ ಬರಹವೂ ಸಾಲದು. ಒಂದು ಗಂಟೆಯ ಫೀಸು ಹೋದರೆ ಹೋಗಲಿ.

ಊರಿಗೆ ಹೊರಟಾಗ ಒಂದು ಮಾತು ನೆನಪಿರಲಿ. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯಿದೆ ಇದೆ, ಅಮೆರಿಕದ ಕಾರ್ಡು ಬೆಂಗಳೂರಿನ ಕಸ್ಟಮ್ಸ್ ಮುಂದೆ ಬರೀ ಪ್ಲಾಸ್ಟಿಕ್ ತುಂಡು. ಅತ್ತೆಯ ಎಣ್ಣೆ ಬಾಟಲಿ, ಗಮ್ಮಿ ಡಬ್ಬಿ ಯಾವುದೂ ಸೂಟ್‌ಕೇಸಿನಲ್ಲಿ ಇರಬಾರದು, ಹ್ಯಾಂಡ್‌ಬ್ಯಾಗಿನ ಮೂಲೆಯನ್ನೂ ಒಮ್ಮೆ ತಡಕಿ ನೋಡಿ. ವಾಂತಿಗೆ ಒಂಡಾನ್‌ಸೆಟ್ರಾನ್ ಮಾತ್ರೆ ಬೆಂಗಳೂರಿನ ಮೆಡಿಕಲ್ ಸ್ಟೋರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದು ಅವರಿಗೆ ಆಗುತ್ತದಾ ಅಂತ ಹೊರಡುವ ಮುಂಚೆಯೇ ಕ್ಯಾನ್ಸರ್ ಡಾಕ್ಟರ ಹತ್ತಿರ ಕೇಳಿ ಚೀಟಿ ಬರೆಸಿಕೊಳ್ಳಿ.